ಪಾಸ್ಖ ರಾತ್ರಿಯ ಪ್ರಶ್ನೆಗಳಿಗಾಗಿ ಸಿದ್ಧತೆ: ತಪಸ್ಸುಕಾಲವನ್ನು ಆಚರಿಸುವ ಬಗೆ

ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರ್‌ಗೆ, ಸಿದ್ಧರಾಗುವ ತಪಸ್ಸುಕಾಲ ಹತ್ತಿರವಾಗುತ್ತಿದ್ದಂತೆ ನಮ್ಮ ಕ್ರೈಸ್ತ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ಈ ಸಲ ಏನನ್ನು ಬಿಡುವುದು ಎಂಬುದು. ಮಾಂಸ, ಕಾಫಿ, ಸಿಹಿತಿಂಡಿ, ಧಾರಾವಾಹಿ ಎಂದು ಪಟ್ಟಿ ಬೆಳೆಯುತ್ತದೆ. ಈ ಪಟ್ಟಿಯನ್ನು ಬದಿಗಿಟ್ಟು, ಕೊನೆಯಿಂದ ಆರಂಭಿಸಿ ಎಂದು ಕೇಳಿಕೊಳ್ಳುತ್ತೇನೆ. ಹಬ್ಬದ ಮುನ್ನಾದಿನ, ಪಾಸ್ಖ ಜಾಗರಣೆಯ ರಾತ್ರಿ ನಾವೆಲ್ಲರೂ ಉರಿಯುವ ಮೇಣದಬತ್ತಿ ಹಿಡಿದು ನಿಂತಿರುವಾಗ ಗುರುಗಳು (ಪಾದ್ರಿಗಳು) ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ: ಸೈತಾನನನ್ನೂ ಅವನ ಕೃತ್ಯಗಳನ್ನೂ ತ್ಯಜಿಸುತ್ತೀರಾ? ಸರ್ವಶಕ್ತ ತಂದೆಯಾದ ದೇವರನ್ನು ವಿಶ್ವಾಸಿಸುತ್ತೀರಾ? ಆದಿಸಭೆಯಲ್ಲಿ, ಆ ರಾತ್ರಿ ದೀಕ್ಷಾಸ್ನಾನ (ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ಪಡೆಯಲಿದ್ದವರ ಕೊನೆಯ ಹಂತದ ಸಿದ್ಧತೆಯೊಂದಿಗೇ ಈ ಕಾಲ ರೂಪುಗೊಂಡಿತು. ಈಗಾಗಲೇ ದೀಕ್ಷಾಸ್ನಾನ ಪಡೆದಿರುವ ನಾವು ಅದೇ ಪ್ರತಿಜ್ಞೆಯನ್ನು ಪೂರ್ಣ ಮನಸ್ಸಿನಿಂದ ನವೀಕರಿಸಲು ಸಿದ್ಧರಾಗುತ್ತೇವೆ.

ಆದ್ದರಿಂದ ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರದ ಹಿಂದಿನ ರಾತ್ರಿ ಪ್ರಾರ್ಥನಾ ಪುಸ್ತಕದಲ್ಲಿ ಆ ಪ್ರಶ್ನೆಗಳನ್ನು ತೆರೆದು, ಒಂದೊಂದನ್ನೇ ನಿಧಾನವಾಗಿ ಓದಿ. ಯಾವ ಪ್ರಶ್ನೆಗೆ ನಿಮ್ಮ ನಾಲಿಗೆ ತಡವರಿಸುತ್ತದೆಯೋ ಅಲ್ಲಿಂದಲೇ ನಿಮ್ಮ ತಪಸ್ಸಿನ ವಿಷಯವನ್ನು ಆರಿಸಿಕೊಳ್ಳಿ. ಜಮೀನು ಭಾಗವಾದಂದಿನಿಂದ ಅಣ್ಣನ ಮನೆಯ ಹೊಸಿಲು ತುಳಿಯದವರು ಮಾಂಸ ಬಿಟ್ಟಷ್ಟಕ್ಕೇ ತೃಪ್ತರಾದರೆ ಕಾಯಿಲೆ ಒಂದು, ಮದ್ದು ಇನ್ನೊಂದು ಎಂಬಂತಾಗುತ್ತದೆ. ಸಂಜೆಯ ಕುಡಿತ, ಬಾಯಿಗೆ ಬಂದಂತೆ ಬೈಯುವ ಚಾಳಿ, ಮಲಗುವವರೆಗೂ ಕೈಬಿಡದ ಮೊಬೈಲು, ಕೂಲಿಯವರ ಲೆಕ್ಕದಲ್ಲಿ ಮಾಡುವ ಚೌಕಾಸಿ, ಇವುಗಳಲ್ಲಿ ನಿಮ್ಮದು ಯಾವುದೋ ಅದೊಂದನ್ನೇ ಒಂದು ಚೀಟಿಯಲ್ಲಿ ಬರೆದು ಬೈಬಲಿನೊಳಗೆ ಇಟ್ಟುಕೊಳ್ಳಿ. ಒಂದೇ ಸಾಕು. ನಾಲ್ಕಾರು ಸಂಕಲ್ಪ ಮಾಡಿದವರು ಮೂರನೆಯ ವಾರಕ್ಕೇ ಸೋತು ಕೈಚೆಲ್ಲುವುದು ಸಾಮಾನ್ಯ.

ಕಾಲದ ಲೆಕ್ಕ ಸರಳವಾಗಿದೆ. ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಪಾಸ್ಖ. ಆದುದರಿಂದ ಅದು ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಎಂದಾದರೂ ಬೀಳಬಹುದು. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ವಿಭೂತಿ ಬುಧವಾರ ಸಿಗುತ್ತದೆ. ಆರು ಭಾನುವಾರಗಳು ಪ್ರಭುವಿನ ಪುನರುತ್ಥಾನದ ದಿನಗಳಾದ್ದರಿಂದ ಅವನ್ನು ಕಳೆದರೆ ಉಳಿಯುವುದು 40. ಅಂದು ಹಣೆಗೆ ಹಚ್ಚುವ ವಿಭೂತಿ ಕಳೆದ ವರ್ಷ ಪಾಸ್ಖದ ಹಿಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳದೇ ಬೂದಿ. ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಒಣಗರಿಗಳನ್ನು ಗುಡಿಸಿ ಎಸೆಯದೆ, ಸಮಯಕ್ಕೆ ಮುಂಚೆ ದೇವಾಲಯಕ್ಕೆ ಒಪ್ಪಿಸಿ.

ಉಪವಾಸದ ನಿಯಮವನ್ನು ಕಥೋಲಿಕ ಸಭೆ ಬಹಳ ಹಗುರವಾಗಿಯೇ ಇಟ್ಟಿದೆ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೆ), 18 ತುಂಬಿದವರಿಂದ 59ರವರೆಗಿನವರು ಒಂದು ಪೂರ್ಣ ಊಟ ಮಾಡಿ, ಉಳಿದ ಎರಡು ಹೊತ್ತು ಅಲ್ಪ ಆಹಾರ ತೆಗೆದುಕೊಳ್ಳಬಹುದು. 14 ತುಂಬಿದವರು ಆ ಎರಡು ದಿನವೂ ತಪಸ್ಸುಕಾಲದ ಶುಕ್ರವಾರಗಳಂದೂ ಮಾಂಸ ವರ್ಜಿಸಬೇಕು. ಕಾಯಿಲೆಯವರಿಗೆ, ಬಸುರಿಯರಿಗೆ, ಬಾಣಂತಿಯರಿಗೆ ಈ ಕಟ್ಟು ಇಲ್ಲ. ಮಂಡ್ಯದ ಬಿಸಿಲಿನಲ್ಲಿ ಕಬ್ಬು ಕಡಿಯುವವರು ಗುರುಗಳೊಂದಿಗೆ ಮಾತನಾಡಿ, ಹೊಟ್ಟೆಯ ಉಪವಾಸದ ಬದಲು ಬೇರೊಂದು ತಪಸ್ಸನ್ನು ಹಿಡಿಯುವುದು ಉಚಿತ. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಹಸಿದಿರುವುದು ಭಕ್ತಿಯಲ್ಲ, ಅಪಾಯ.

ಆದರೆ ಶುಕ್ರವಾರದ ಊಟದ ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಬಾಡೂಟಕ್ಕೆ ಹೆಸರಾದ ಈ ಸೀಮೆಯಲ್ಲಿ ಮಾಂಸ ಬಿಟ್ಟು ಅದೇ ದಿನ ದುಬಾರಿ ಮೀನು ತಂದು ಹುರಿದರೆ ನಿಯಮ ಮುರಿಯುವುದಿಲ್ಲ, ಆದರೆ ತಪಸ್ಸೂ ಆಗುವುದಿಲ್ಲ. ಅಂದು ಒಲೆಯ ಮೇಲೆ ಮುದ್ದೆ ಮತ್ತು ಉಪ್ಸಾರು ಇರಲಿ: ತೊಗರಿಬೇಳೆಯ ಜೊತೆ ಸಿಕ್ಕ ಸೊಪ್ಪನ್ನು ಉಪ್ಪು ಹಾಕಿ ಬೇಯಿಸಿ, ಕಟ್ಟನ್ನು ಬಸಿದುಕೊಂಡು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಅರೆದ ಖಾರವನ್ನು ತಟ್ಟೆಯ ಅಂಚಿನಲ್ಲಿ ಇಟ್ಟುಕೊಂಡರೆ ಊಟ ಮುಗಿಯಿತು. ಅಂದು ಉಳಿದ ದುಡ್ಡನ್ನು ಅಂದೇ ಒಂದು ಡಬ್ಬಿಗೆ ಹಾಕಿ. ಆಮೇಲೆ ಹಾಕೋಣ ಎಂದರೆ ಅದು ಮನೆಯ ಖರ್ಚಿನಲ್ಲಿ ಕರಗುತ್ತದೆ. ಹಸಿದವರೊಂದಿಗೆ ನಿನ್ನ ರೊಟ್ಟಿಯನ್ನು ಹಂಚಿಕೊಳ್ಳುವುದೇ ನನಗೆ ಮೆಚ್ಚಿನ ಉಪವಾಸ ಎಂದು ದೇವರು ಯೆಶಾಯನ 58ನೆಯ ಅಧ್ಯಾಯದಲ್ಲಿ ಹೇಳುವುದನ್ನು ಮಕ್ಕಳ ಎದುರಿಗೇ ಓದಿ, ಡಬ್ಬಿಯ ಕೀಲಿಯನ್ನು ಅವರ ಕೈಗೇ ಕೊಡಿ. ಯಾರಿಗೆ ಕೊಡುವುದೆಂಬುದನ್ನೂ ಮೊದಲೇ ತೀರ್ಮಾನಿಸಿ, ಆದಷ್ಟು ನಿಮ್ಮ ಬೀದಿಯಲ್ಲೇ ಹುಡುಕಿ, ಶುಭ ಶುಕ್ರವಾರದ ಹಿಂದಿನ ದಿನವಾದ ಪವಿತ್ರ ಗುರುವಾರದೊಳಗೆ ತಲುಪಿಸಿ. ಕೊಟ್ಟದ್ದು ಊರಿಗೆ ತಿಳಿಯಬೇಕಿಲ್ಲ. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಗುಟ್ಟಾಗಿ ಮಾಡಬೇಕೆಂದು ಪ್ರಭು ಯೇಸು ಮತ್ತಾಯನ 6ನೆಯ ಅಧ್ಯಾಯದಲ್ಲಿ ಕಲಿಸಿದ್ದಾರೆ.

ಪ್ರಾರ್ಥನೆಗೆ ಭಾನುವಾರದ ಶುಭಸಂದೇಶಗಳೇ ದಾರಿ. ಮೊದಲ ವಾರ ಮರುಭೂಮಿಯ ಶೋಧನೆ, ಎರಡನೆಯ ವಾರ ಬೆಟ್ಟದ ಮೇಲಿನ ರೂಪಾಂತರ. ಅನಂತರ, ಮೂರು ವರ್ಷಗಳ ವಾಚನ ಸರದಿಯ ಮೊದಲ ವರ್ಷದಲ್ಲಿ ಬರುವ, ಉಳಿದ ವರ್ಷಗಳಲ್ಲೂ ಓದಬಹುದಾದ ಸಮಾರ್ಯದ ಸ್ತ್ರೀ, ಹುಟ್ಟುಕುರುಡ, ಲಾಜರ ಎಂಬ ಮೂರು ವಾಚನಗಳು ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗಾಗಿಯೇ ಇವೆ. ನೀರು, ಬೆಳಕು, ಜೀವ ಎಂಬ ಕ್ರಮವನ್ನು ಗಮನಿಸಿ ಶನಿವಾರ ರಾತ್ರಿಯೇ ಅವನ್ನು ಮನೆಮಂದಿ ಓದಿಕೊಂಡರೆ ಮರುದಿನದ ಪ್ರಬೋಧನೆ ಕಿವಿಗಲ್ಲ, ಎದೆಗೆ ತಾಗುತ್ತದೆ. ಶುಕ್ರವಾರಗಳಂದು ಯೇಸುವಿನ ಯಾತನೆಯನ್ನು 14 ಸ್ಥಳಗಳಲ್ಲಿ ನಿಂತು ಧ್ಯಾನಿಸುವ ಶಿಲುಬೆಯ ಹಾದಿಗೆ ಹೋಗಿ. ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ನೋಡುಗರು ಸದಾ ಬರುತ್ತಿರುತ್ತಾರಾದ್ದರಿಂದ, ಮೌನ ಬೇಕೆನ್ನುವವರು ಬೆಳಗಿನ ಪೂಜೆಯ ಹೊತ್ತನ್ನು ಆರಿಸಿಕೊಳ್ಳುವುದು ಒಳ್ಳೆಯದು. ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಎಂಬ ಪ್ರಾಟೆಸ್ಟೆಂಟ್ ಸಭೆಯ ಕುಟುಂಬಗಳಿಗೆ ಮಾಂಸವರ್ಜನೆಯ ಕಟ್ಟಳೆ ಇಲ್ಲದಿದ್ದರೂ ವಾಚನ, ಉಪವಾಸ, ದಾನಗಳ ಈ ಕ್ರಮ ಅವರಿಗೂ ಹೊಂದುತ್ತದೆ.

ಗುರುಗಳ ಮುಂದೆ ಪಾಪಗಳನ್ನು ಒಪ್ಪಿಕೊಳ್ಳುವ ಪಾಪನಿವೇದನೆಯನ್ನು ಪಾಸ್ಖದ ಹಿಂದಿನ ಪವಿತ್ರ ವಾರದವರೆಗೆ ಮುಂದೂಡಬೇಡಿ. ಆಗಿನ ಸಾಲಿನಲ್ಲಿ ನಿಮಗೂ ಗುರುಗಳಿಗೂ ಬಿಡುವಿರುವುದಿಲ್ಲ. ನಾಲ್ಕನೆಯ ವಾರದಲ್ಲಿ ಚೀಟಿಯನ್ನು ತೆಗೆದು, ಎಲ್ಲಿ ಎಡವಿದ್ದೀರೆಂದು ನೋಡಿಕೊಂಡು ಹೋಗಿ. ಎಡವಿದವರು ವ್ರತ ಕೆಟ್ಟಿತೆಂದು ಬಿಟ್ಟುಬಿಡದೆ ಮರುದಿನವೇ ಮುಂದುವರಿಸಬೇಕು. ತನ್ನ ಬಲದಿಂದ ಆಗದು ಎಂಬುದು ಅರಿವಾಗುವುದೂ ಈ ಸಿದ್ಧತೆಯ ಒಂದು ಭಾಗ.

ಪವಿತ್ರ ಗುರುವಾರದ ಸಂಜೆ ಪಾದ ತೊಳೆಯುವ ವಿಧಿ, ಪೂಜೆ ಇಲ್ಲದ ಶುಭ ಶುಕ್ರವಾರದ ಶಿಲುಬೆಯ ಆರಾಧನೆ, ಶನಿವಾರ ರಾತ್ರಿಯ ಜಾಗರಣೆ, ಇವು ಮೂರೂ ಸೇರಿ ಒಂದೇ ಆಚರಣೆ; ರಜೆ ಹೊಂದಿಸುವುದಿದ್ದರೆ ಇವಕ್ಕಾಗಿ ಹೊಂದಿಸಿ. ಜಾಗರಣೆಗೆ ಬರಲಾಗದವರಿಗೆ ಭಾನುವಾರದ ಪೂಜೆಯಲ್ಲೂ ಪ್ರತಿಜ್ಞೆಯನ್ನು ನವೀಕರಿಸುವ ಅವಕಾಶವಿರುತ್ತದೆ. ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿದ್ದರೆ ಪವಿತ್ರ ವಾರದ ಆರಂಭದಲ್ಲೇ ಧರ್ಮಕೇಂದ್ರಕ್ಕೆ (ನಿಮ್ಮ ದೇವಾಲಯದ ಕಚೇರಿಗೆ) ತಿಳಿಸಿ, ಗುರುಗಳು ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ) ತರುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ.