ಮಕ್ಕಳ ಹಳೇ ರೆಕಾರ್ಡ್ ಪ್ಲೇಯರ್ ದನಿ ಸುಧಾರಿಸಬೇಕಾ? ಮೊದಲು ನೀಡಲ್ ನೋಡಿ

ಅಮೆರಿಕದಲ್ಲಿ ಇರುವವರಿಗೆ 1960-70ರ ದಶಕದ, ಸೂಟ್‌ಕೇಸ್ ಥರದ ಮಕ್ಕಳ ರೆಕಾರ್ಡ್ ಪ್ಲೇಯರ್ ಗರಾಜ್ ಸೇಲ್‌ಗಳಲ್ಲಿ ಈಗಲೂ ಸಿಗುತ್ತದೆ. ದನಿ ಕರ್ಕಶವಾಗಿದ್ದರೆ ಸುಮ್ನೆ ಹೊಸ ಸ್ಪೀಕರ್ ಕೊಳ್ಳಲು ಓಡಬೇಡಿ. ನಾನು ತಂದಿದ್ದರ ನೀಡಲನ್ನು ಭೂತಗನ್ನಡಿಯಲ್ಲಿ ನೋಡಿದಾಗ ತುದಿ ಒಂದು ಕಡೆ ಸವೆದು ಚಪ್ಪಟೆಯಾಗಿತ್ತು. ಬದಲಿಸಿದ್ದೇ ತಡ, ಹಾಡಿನಲ್ಲಿ ‘ಸ’ ಬಂದಾಗಲೆಲ್ಲ ಸಿಡಿಯುತ್ತಿದ್ದ ಸದ್ದು ನಿಂತಿತು. ಎಷ್ಟು ಖುಷಿಯಾಯಿತು ಗೊತ್ತಾ!

ಇವುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ (ನೀಡಲ್ ಕೂರುವ, ಅದರ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಭಾಗ) ಇರುತ್ತದೆ. ಹಾಳಾಗಿದ್ದರೆ ಸೆರಾಮಿಕ್ಕೇ ಹಾಕಿ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟ್, ದನಿ ಏಳುವುದೇ ಇಲ್ಲ. ನೀಡಲ್ ಹಿಡಿದಿರುವ ತೋಳಿನ ಭಾರವೂ ಅದಕ್ಕೆ ಜಾಸ್ತಿ. ಸ್ಪೀಕರ್ ಕಾಗದ ಹರಿದಿದ್ದರೆ ಅದೇ ಅಳತೆಯ, ಅದೇ ಓಮ್‌ನದು (ವಿದ್ಯುತ್ ತಡೆಯ ಅಳತೆ) ಹಾಕಿ. ಸ್ಪೀಕರ್ ಅಂಚಿಗೆ ತೆಳು ಫೋಮ್ ಪಟ್ಟಿ ಅಂಟಿಸಿದರೆ ಪೆಟ್ಟಿಗೆಯ ಗರಗರ ಕಡಿಮೆಯಾಗುತ್ತದೆ.

ಬಿಚ್ಚುವ ಮುಂಚೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಳಗಿನ ಲೋಹದ ಚೌಕಟ್ಟಿಗೇ (ಚಾಸಿ) ಕರೆಂಟ್ ಬರಬಹುದು. ಇಂಥದ್ದನ್ನು ಮಗುವಿನ ಕೈಗೆ ಕೊಡಲೇಬೇಡಿ.

ಊರಿಗೆ ತರುವವರಿಗೆ ಇನ್ನೊಂದು ಮಾತು. 230 ವೋಲ್ಟನ್ನು 120ಕ್ಕೆ ಇಳಿಸಿದರೂ ನಮ್ಮದು 50 ಹರ್ಟ್ಜ್, ಅಲ್ಲಿಯದು 60. ಮೋಟಾರ್ ವೇಗ ಈ ಹರ್ಟ್ಜ್ ಮೇಲೇ ನಿಂತಿರುವುದರಿಂದ ಅದು ನಿಧಾನವಾಗಿ, ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ರೆಕಾರ್ಡ್ ಸುಮಾರು 38 ಸುತ್ತು ತಿರುಗುತ್ತದೆ. ಹಾಡು ಎಳೆದಂತೆ ಕೇಳುತ್ತದೆ.