ಪೊರೆ ಆಪರೇಷನ್ ಆದವರನ್ನು ಮತ್ತೆ ಆಸ್ಪತ್ರೆಗೆ ಕರೆಸುವುದು: ನನ್ನ ಅನುಭವ

ಹಾವೇರಿ ಕಡೆಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕೌನ್ಸೆಲರ್ ಆಗಿದ್ದೇನೆ. ಹಳ್ಳಿಯವರನ್ನು ಪೊರೆ ಆಪರೇಷನ್‌ಗೆ ಒಪ್ಪಿಸಬಹುದು, ಆದರೆ ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಇನ್ನೊಮ್ಮೆ ತೋರಿಸೋಕೆ ಕರೆಸುವುದಿದೆಯಲ್ಲ, ಅದು ಸುಲಭವಲ್ಲ.

"ಕಣ್ಣು ಚಲೋ ಕಾಣಾಕತ್ತೈತ್ರಿ, ಮತ್ಯಾಕ ಬರ್ಬೇಕು?" ಅಂತಾರೆ. ಅದೂ ಸರಿನೇ ಅಲ್ವಾ? ಜೊತೆಗೆ ಬರುವ ಮಗನ ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೇ ನಾನು ಮಗನನ್ನು ಕೇಳುವುದಿಲ್ಲ, ಮಗಳೋ ಸೊಸೆಯೋ ಬರಲಿ ಅಂತೀನಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ಇದ್ದರೆ ಸಾಕು. ಮನೆಯಲ್ಲಿ ಡ್ರಾಪ್ಸ್ ಹಾಕುವವರೂ ಹೆಚ್ಚಾಗಿ ಅವರೇ. ಆದ್ದರಿಂದ ಡಿಸ್ಚಾರ್ಜ್ ದಿನ ಅಜ್ಜನಿಗಿಂತ ಜಾಸ್ತಿ ಸೊಸೆಗೇ ಹೇಳುತ್ತೇನೆ, ಅವರಿಂದಲೇ ಒಂದು ಹನಿ ಹಾಕಿಸಿ ನೋಡುತ್ತೇನೆ.

ಬರುವಾಗ ಡ್ರಾಪ್ಸ್ ಬಾಟಲಿ ತನ್ನಿ ಅಂತಲೂ ಹೇಳಿರುತ್ತೇನೆ. ನಮ್ಮಲ್ಲಿ ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ವಾರವಾರ ಒಂದೊಂದು ಸಲ ಕಡಿಮೆ. ವಾರದ ಮೇಲೆ ಬಂದವರ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಕೆಲವು ಸಲ ಔಷಧ ಕತ್ತಿನವರೆಗೆ ಹಾಗೇ ಇರುತ್ತದೆ. ಇನ್ನು ಕೆಲವರು ಚೆನ್ನಾಗಿದೆ ಅಂತ ತಿಂಗಳುಗಟ್ಟಲೆ ಹಾಕುತ್ತಲೇ ಇರುತ್ತಾರೆ, ಅದರಲ್ಲಿ ಸ್ಟೀರಾಯ್ಡ್ ಇರುವುದರಿಂದ ಕಣ್ಣಿನ ಒತ್ತಡ ಏರಬಹುದು. ಬರದೇ ಇದ್ದರೆ ಎರಡೂ ಗೊತ್ತಾಗೋದೇ ಇಲ್ಲ.

ತಿಂಗಳ ಭೇಟಿಗೆ ಕನ್ನಡಕವೇ ಕಾರಣ. ಗಾಯ ಮಾಗಿ ನಂಬರ್ ನಿಲ್ಲೋಕೆ ಅಷ್ಟು ದಿನ ಬೇಕು, ಒಳಗೆ ಹಾಕಿದ ಲೆನ್ಸ್ ಸಾಮಾನ್ಯವಾಗಿ ದೂರಕ್ಕೆ ಮಾತ್ರ. "ಯವ್ವಾ, ಅಕ್ಕಿಯೊಳಗಿನ ಹಳ್ಳು ಕಾಣಬೇಕಲ್ಲ, ಸೂಜಿಗೆ ದಾರ ಪೋಣಿಸಬೇಕಲ್ಲ, ಅದಕ್ಕ ಬರ್ರಿ" ಅಂದರೆ ಬರುತ್ತಾರೆ. "ಡಾಕ್ಟರು ಹೇಳ್ಯಾರ" ಅಂದರೆ ಸುಮ್ನೆ ತಲೆ ಆಡಿಸುತ್ತಾರೆ ಅಷ್ಟೇ.

ನನಗೆ ನಿಜವಾಗಿ ಭಯ ಬದನೆಕಾಯಿಯದು! ಕಣ್ಣು ಕೆಂಪಾಯಿತು, ನೋವು ಬಂತು ಅಂದರೆ "ಬದನೆಕಾಯಿ ತಿಂದೆ, ನಂಜಾತು" ಅಂತ ಪಥ್ಯ ಮಾಡಿಕೊಂಡು ಮನೆಯಲ್ಲೇ ಕೂರುತ್ತಾರೆ. ಅದು ಕಣ್ಣೊಳಗಿನ ಸೋಂಕಾಗಿದ್ದರೆ ಒಂದೆರಡು ದಿನದಲ್ಲೇ ದೃಷ್ಟಿ ಹೋಗಬಹುದು. ಅಪರೂಪ, ಆದರೆ ಆಗುತ್ತದೆ. ಹಾಗಾಗಿ ಏನು ತಿಂದಿದ್ದರೂ ಸರಿ, ನೋವು, ಕೆಂಪು, ಮಂಜು, ಕೀವು, ಇದರಲ್ಲಿ ಒಂದು ಕಂಡರೂ ಕೊಟ್ಟ ತಾರೀಖಿಗೆ ಕಾಯದೆ ಅವತ್ತೇ ಬನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ.

ತಾರೀಖನ್ನು ಅವರನ್ನು ಕೇಳಿಯೇ ಬರೆಯುತ್ತೇನೆ. ಸಂತೆ ದಿನವಾದರೆ ಹೇಗೂ ಊರಿಗೆ ಬರುತ್ತಾರೆ. ಹಿಂದಿನ ದಿನ ಫೋನ್ ಮಾಡಿ "ಬರ್ತೀರಾ?" ಅಂತ ಕೇಳುವುದಿಲ್ಲ, ಕೇಳಿದರೆ ಎಲ್ಲರೂ ಹೂಂ ಅಂತಾರೆ. "ಅಜ್ಜಾರ, ನಾಳೆ ಯಾರ ಕೂಡ ಬರ್ತೀರಿ, ಯಾವ ಬಸ್ಸಿಗೆ?" ಅಂತ ಕೇಳುತ್ತೇನೆ. ಉತ್ತರ ತಡವರಿಸಿದರೆ ಆಗಲೇ ಬೇರೆ ದಿನ ಕೊಡುತ್ತೇನೆ. ಬಿತ್ತನೆ ಶುರುವಾದರೆ ಇದೂ ನಡೆಯಲ್ಲ. ಆಗ ಊರಿನ ಆಶಾ ಕಾರ್ಯಕರ್ತೆಗೆ ಹೆಸರಿನ ಪಟ್ಟಿ ಕಳಿಸುತ್ತೇನೆ. ಕಣ್ಣು ಸರಿ ಕಾಣದೆ, ಬೈಯ್ತಾರೇನೋ ಅಂತ ಹೆದರಿ ಮನೆಯಲ್ಲಿ ಕೂತವರನ್ನು ಅವರೇ ಹೆಚ್ಚಾಗಿ ಹುಡುಕಿ ಕಳಿಸುವುದು.