ಸಮುದಾಯ ಚಿತ್ರಮಂದಿರದ ಮುಂದಿನ ಪ್ರದರ್ಶನಗಳಿಗೆ ಸಿದ್ಧತೆ ಹೇಗೆ?

ಸಣ್ಣ ಊರಿನ ಸಮುದಾಯ ಚಿತ್ರಮಂದಿರವು ಮುಂದಿನ ತಿಂಗಳ ಪ್ರದರ್ಶನಗಳನ್ನು ಪ್ರಕಟಿಸುವ ಮೊದಲು, ಪಟ್ಟಿಯಲ್ಲಿರುವ ಪ್ರತಿಯೊಂದು ಚಿತ್ರಕ್ಕೂ ಸಾರ್ವಜನಿಕ ಪ್ರದರ್ಶನದ ಹಕ್ಕು ಲಿಖಿತವಾಗಿ ದೊರೆತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮನೆಯಲ್ಲಿ ನೋಡಲು ಕೊಂಡ ಡಿವಿಡಿಯಾಗಲಿ, ಒಟಿಟಿ ಚಂದಾ ಆಗಲಿ ಆ ಹಕ್ಕನ್ನು ನೀಡುವುದಿಲ್ಲ. ಉಚಿತ ಪ್ರದರ್ಶನಕ್ಕೂ ಸಾಮಾನ್ಯವಾಗಿ ಇದೇ ನಿಯಮ ಅನ್ವಯಿಸುತ್ತದೆ.

ಚಿತ್ರವು ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್, ಅಂದರೆ ಚಿತ್ರಮಂದಿರಗಳಿಗಾಗಿ ಸಿದ್ಧಪಡಿಸಿದ ಡಿಜಿಟಲ್ ಕಡತಗಳ ಕಟ್ಟು) ರೂಪದಲ್ಲಿ ಬರುವುದಾದರೆ ಹೆಚ್ಚಿನ ಎಚ್ಚರ ಅಗತ್ಯ. ಗೂಢಲಿಪಿಯಲ್ಲಿರುವ ಡಿಸಿಪಿಯನ್ನು ತೆರೆಯುವ ಕೆಡಿಎಂ ಎಂಬ ಡಿಜಿಟಲ್ ಕೀಲಿಯು ನಿರ್ದಿಷ್ಟ ಸರ್ವರ್‌ನಲ್ಲಿ, ನಿಗದಿತ ಅವಧಿಯೊಳಗೆ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಆ ಅವಧಿಯು ಪ್ರದರ್ಶನಕ್ಕೆ ಮಾತ್ರವಲ್ಲದೆ ಹಿಂದಿನ ದಿನದ ಪರೀಕ್ಷೆಗೂ ಸಾಲುವಂತೆ ವಿತರಕರನ್ನು ಮುಂಚಿತವಾಗಿಯೇ ಕೇಳಿಕೊಳ್ಳುವುದು ಒಳಿತು. ಪರೀಕ್ಷೆಯ ವೇಳೆ ಚಿತ್ರದ ಅಗಲ-ಎತ್ತರಗಳ ಅನುಪಾತ 1.85 ಇದೆಯೋ 2.39 ಇದೆಯೋ ಎಂಬುದನ್ನು ನೋಡಿಕೊಂಡು ಪರದೆಯ ಅಂಚುಗಳನ್ನು ಹೊಂದಿಸಿ, ಧ್ವನಿಯನ್ನು ಆಲಿಸಿ, ಕೊನೆಯ ಸಾಲಿನಲ್ಲಿ ಕುಳಿತು ಅಡಿಬರಹವನ್ನು ಓದಿ ನೋಡಬೇಕು. ಸಮತಟ್ಟಾದ ನೆಲದ ಸಭಾಂಗಣಗಳಲ್ಲಿ ಮುಂದೆ ಕುಳಿತವರ ತಲೆ ಅಡ್ಡಬಂದು ಅಡಿಬರಹ ಮರೆಯಾಗುವುದು ತೀರಾ ಸಾಮಾನ್ಯ. ಪರದೆಯನ್ನು ತುಸು ಮೇಲಕ್ಕೆ ಕಟ್ಟುವುದು ಇಲ್ಲವೇ ಸಾಲು ಬಿಟ್ಟು ಸಾಲಿನ ಕುರ್ಚಿಗಳನ್ನು ತುಸು ಪಕ್ಕಕ್ಕೆ ಸರಿಸಿ ಹಾಕುವುದು ಇದಕ್ಕಿರುವ ಸುಲಭ ಪರಿಹಾರ.

ಪ್ರಕಟಣೆಯಲ್ಲಿ ದಿನಾಂಕ, ಸಮಯ, ಚಿತ್ರದ ಭಾಷೆ, ಅಡಿಬರಹದ ಭಾಷೆ ಹಾಗೂ ವಯೋಮಿತಿ ಇರಲೇಬೇಕು. ಪ್ರದರ್ಶನ ಮುಗಿಯುವ ಹೊತ್ತನ್ನೂ ನಮೂದಿಸಬೇಕೆಂಬುದು ನನ್ನ ಒತ್ತಾಯ, ಏಕೆಂದರೆ ಕೊನೆಯ ಬಸ್ಸನ್ನು ಹಿಡಿಯಬೇಕಾದವರು ಅದನ್ನು ನೋಡಿಯೇ ಬರುವ ನಿರ್ಧಾರ ಮಾಡುತ್ತಾರೆ. ಹಕ್ಕು ಇನ್ನೂ ದೃಢಪಡದ ಚಿತ್ರದ ಹೆಸರನ್ನು ಮಾತ್ರ ಯಾವ ಕಾರಣಕ್ಕೂ ಮುದ್ರಿಸಬಾರದು.